ಸ್ವಚ್ಛ ವಿದ್ಯುತ್ತಿನ ಕಚ್ಚಾವಸ್ತು ಮತ್ತು ಕಾಸರಗೋಡಿನ ಅನುಭವ

(ಬದಿಯಡ್ಕದಲ್ಲಿ ಓದುಗರ ಕೂಟವೊಂದರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಕೇಳಿಬಂದ ಎರಡು ಪ್ರಶ್ನೆಗಳಿಗೆ ಅಂದು ಕೊಟ್ಟ ಉತ್ತರಗಳನ್ನು ಸ್ವಲ್ಪ ವಿಸ್ತರಿಸಿ ಕೊನೆಯಲ್ಲಿ ಸೇರಿಸಿದ್ದೇನೆ.)

ಮಾನ್ಯರೇ,

ನಮ್ಮ ಜಿಲ್ಲೆಯ ಅಂಬಲತ್ತರದಲ್ಲಿಯೂ ಪೈವಳಿಕೆಯಲ್ಲಿಯೂ ತಲಾ 50 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಸ್ಥಾವರಗಳಿವೆ. ಮನೆಗಳ ತಾರಸಿಯ ಮೇಲೆ ಸೌರ ಫಲಕಗಳು ಬಂದಿವೆ, ಪೇಟೆಗಳಲ್ಲಿ ಬ್ಯಾಟರಿ ಆಟೋಗಳು ಓಡಾಡುತ್ತಿವೆ. ಇದು ಆಗಲೇಬೇಕಾದ ಬದಲಾವಣೆ, ಇನ್ನೂ ಬೇಗ ಆಗಬೇಕು ಎಂಬುದೇ ನನ್ನ ಅಭಿಪ್ರಾಯ. ಆದರೆ ಫಲಕದ ಚೌಕಟ್ಟಿನ ಅಲ್ಯೂಮಿನಿಯಂ, ಅದರೊಳಗಿನ ಸಿಲಿಕಾನ್ ಮತ್ತು ಬೆಳ್ಳಿ, ತಂತಿಯ ತಾಮ್ರ, ಬ್ಯಾಟರಿಯ ಲಿಥಿಯಂ ಮತ್ತು ಗ್ರಾಫೈಟ್, ಕೆಲವು ಬಗೆಯ ಬ್ಯಾಟರಿಗಳ ನಿಕ್ಕಲ್ ಮತ್ತು ಕೋಬಾಲ್ಟ್, ಮೋಟಾರಿನ ಅಯಸ್ಕಾಂತಕ್ಕೆ ಬೇಕಾಗುವ ವಿರಳ ಭೂಲೋಹಗಳು, ಇವೆಲ್ಲವೂ ಯಾರದೋ ಗುಡ್ಡೆಯನ್ನು ಅಗೆದು, ಯಾರದೋ ನೀರನ್ನು ಬಳಸಿಕೊಂಡೇ ನಮ್ಮ ಬಳಿಗೆ ಬಂದಿವೆ. ಅಗೆಯುವುದಕ್ಕೆ ಮೊದಲು ಅವರನ್ನು ಕೇಳಿದ್ದರೇ, ಅವರು ಬೇಡವೆಂದಿದ್ದರೆ ಆ ಮಾತು ನಡೆಯುತ್ತಿತ್ತೇ, ಕೇಡು ಸಂಭವಿಸಿದಾಗ ಅದನ್ನು ಸಾಬೀತುಪಡಿಸುವ ಹೊಣೆ ಯಾರ ತಲೆಯ ಮೇಲೆ ಬಿತ್ತು ಎಂಬ ಪ್ರಶ್ನೆಗಳನ್ನು ಕಾಸರಗೋಡಿನವರಾದ ನಾವು ಕೇಳದಿದ್ದರೆ ಮತ್ತೆ ಯಾರು ಕೇಳಬೇಕು? ಇಂದಿನ ನನ್ನ ಮಾತೆಲ್ಲ ಈ ಮೂರು ಪ್ರಶ್ನೆಗಳ ಸುತ್ತಲೇ ಇದೆ.

ಮೊದಲಿಗೆ ಒಂದು ಆಕ್ಷೇಪವನ್ನು ಇತ್ಯರ್ಥ ಮಾಡಿಕೊಳ್ಳೋಣ. ಬ್ಯಾಟರಿ ವಾಹನಕ್ಕೂ ಗಣಿಗಾರಿಕೆ ಬೇಕಲ್ಲವೇ, ಹಾಗಾದರೆ ಪೆಟ್ರೋಲಿನಲ್ಲೇ ಮುಂದುವರಿಯಬಾರದೇಕೆ ಎಂದು ಹಲವರು ಕೇಳುತ್ತಾರೆ. ಸಾಮಾನ್ಯ ಕಾರಿಗೆ ಹೋಲಿಸಿದರೆ ವಿದ್ಯುತ್ ಕಾರಿಗೆ ಸುಮಾರು ಆರು ಪಟ್ಟು ಹೆಚ್ಚು ಖನಿಜ ಬೇಕು ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2021ರಲ್ಲಿ ಲೆಕ್ಕ ಹಾಕಿತ್ತು. ಈ ಮಾತು ನಿಜ. ಆದರೆ ಜಗತ್ತು ಪ್ರತಿವರ್ಷ 800 ಕೋಟಿ ಟನ್ನಿಗೂ ಹೆಚ್ಚು ಕಲ್ಲಿದ್ದಲನ್ನು ಅಗೆಯುತ್ತದೆ, ಅಗೆದದ್ದೆಲ್ಲ ಅದೇ ವರ್ಷ ಸುಟ್ಟು ಬೂದಿಯಾಗುತ್ತದೆ, ಮುಂದಿನ ವರ್ಷ ಮತ್ತೆ ಅಷ್ಟನ್ನೇ ಅಗೆಯಬೇಕಾಗುತ್ತದೆ. ಬ್ಯಾಟರಿಯೊಳಗಿನ ಲೋಹವಾದರೋ ಬ್ಯಾಟರಿ ಸತ್ತ ಮೇಲೂ ಉಳಿದಿರುತ್ತದೆ, ಅದನ್ನು ಮತ್ತೆ ತೆಗೆದು ಬಳಸಬಹುದು. ಉಪ್ಪಳದ ಮುಸೋಡಿಯಲ್ಲಿ ಕಡಲು ನುಂಗಿದ ಮನೆಗಳನ್ನು ಕಂಡವರಿಗೆ ಹವಾಮಾನದ ವಿಷಯದಲ್ಲಿ ಸುಮ್ಮನೆ ಕುಳಿತಿರುವ ಆಯ್ಕೆ ಇಲ್ಲವೆಂಬುದನ್ನು ವಿವರಿಸಬೇಕಾಗಿಲ್ಲ. ಪರಿವರ್ತನೆ ಬೇಕೇ ಎಂಬ ಚರ್ಚೆಯನ್ನು ಇಲ್ಲಿಗೆ ಬಿಟ್ಟು, ಅದರ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂಬುದನ್ನು ನೋಡೋಣ.

ನಮ್ಮ ಕಾಲಡಿಯಿಂದಲೇ ಆರಂಭಿಸುತ್ತೇನೆ. ನಮ್ಮ ಪದವುಗಳ, ಅಂದರೆ ಗುಡ್ಡೆಯ ಮೇಲಿನ ಬಯಲುಗಳ, ಮುರಕಲ್ಲು (ಕೆಂಪುಕಲ್ಲು) ಹೇಗೆ ಉಂಟಾಯಿತು? ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಬಿಸಿಯ ನಾಡಿನಲ್ಲಿ ಬಂಡೆಯೊಳಗಿನ ಸಿಲಿಕಾ, ಸುಣ್ಣ, ಪೊಟ್ಯಾಶ್ ಮುಂತಾದವು ಲಕ್ಷಾಂತರ ವರ್ಷ ಕರಗಿ ಹರಿದುಹೋಗಿ, ಕರಗದ ಕಬ್ಬಿಣವೂ ಅಲ್ಯೂಮಿನಿಯಮೂ ಮೇಲೆ ಉಳಿದುಕೊಳ್ಳುತ್ತವೆ. ಕಬ್ಬಿಣದಿಂದಾಗಿ ಕೆಂಪು ಬಣ್ಣ ಬರುತ್ತದೆ. ಅಲ್ಯೂಮಿನಿಯಂ ಸಾಕಷ್ಟು ಸಾಂದ್ರವಾಗಿರುವಲ್ಲಿ ಅದೇ ಕಲ್ಲು ಬಾಕ್ಸೈಟ್ ಅದಿರಾಗುತ್ತದೆ. ಕುಂಬಳೆಯಿಂದ ನೀಲೇಶ್ವರದವರೆಗೆ ನಮ್ಮ ಜಿಲ್ಲೆಯ ಹಲವೆಡೆ ಇಂಥ ಬಾಕ್ಸೈಟ್ ಇದೆಯೆಂಬುದು ಭೂವಿಜ್ಞಾನಿಗಳಿಗೆ ಬಹಳ ಹಿಂದಿನಿಂದ ಗೊತ್ತು. ಇನ್ನೊಂದು ಬಗೆಯ, ಮೆಗ್ನೀಷಿಯಂ ಹೆಚ್ಚಿರುವ ಕಪ್ಪು ಬಂಡೆಯ ಮೇಲೆ ಇದೇ ಮಳೆ ಬಿದ್ದರೆ ಅಲ್ಲಿ ಉಳಿಯುವ ಕೆಂಪು ಮಣ್ಣಿನಲ್ಲಿ ನಿಕ್ಕಲ್ ಸೇರಿರುತ್ತದೆ. ಇಂಡೋನೇಷ್ಯದ ಸುಲವೇಸಿ ಮತ್ತು ಹಲ್ಮಹೇರ ದ್ವೀಪಗಳಲ್ಲಿ ಇರುವುದು ಅದು. ಇಂದು ಜಗತ್ತಿನ ನಿಕ್ಕಲ್ಲಿನಲ್ಲಿ ಅರ್ಧಕ್ಕೂ ಹೆಚ್ಚು ಆ ಒಂದು ದೇಶದಿಂದ ಬರುತ್ತಿದೆ.

ಆ ಕೆಂಪು ಗುಡ್ಡೆಗಳ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2020ರ ಆರಂಭದಲ್ಲಿ ಇಂಡೋನೇಷ್ಯ ಕಚ್ಚಾ ನಿಕ್ಕಲ್ ಅದಿರಿನ ರಫ್ತನ್ನು ನಿಷೇಧಿಸಿತು. ಅದಿರನ್ನು ಮಾರುವ ಬದಲು ಅದನ್ನು ಸಂಸ್ಕರಿಸುವ ಕೈಗಾರಿಕೆ ನಮ್ಮಲ್ಲೇ ಬೆಳೆಯಲಿ ಎಂಬ ಆ ದೇಶದ ಬಯಕೆ ಸಂಪೂರ್ಣ ನ್ಯಾಯವಾದದ್ದು. ವಸಾಹತು ಕಾಲದಿಂದಲೂ ಕಚ್ಚಾವಸ್ತುವನ್ನಷ್ಟೇ ಕೊಡುತ್ತ ಬಂದ ದೇಶಗಳಿಗೆಲ್ಲ ಇರುವ ಬಯಕೆ ಅದು. ಆದರೆ ಹಾಗೆ ಬೆಳೆದ ಕುಲುಮೆಗಳಿಗೆ ವಿದ್ಯುತ್ತು ಒದಗಿಸಲು ಹೊಸ ಕಲ್ಲಿದ್ದಲು ಸ್ಥಾವರಗಳನ್ನು ಕಟ್ಟಲಾಯಿತು. ಕಾಡು ಕಡಿದ ಬೋಳು ಗುಡ್ಡೆಗಳಿಂದ ಮಳೆಗಾಲದಲ್ಲಿ ಕೆಸರು ಇಳಿದು ಕರಾವಳಿಯ ಮೀನುಗಾರರ ನೀರು ಕೆಂಪಾಯಿತು. 2023ರ ಡಿಸೆಂಬರಿನಲ್ಲಿ ಸುಲವೇಸಿಯ ಮೊರೊವಾಲಿ ಕೈಗಾರಿಕಾ ವಲಯದ ಕುಲುಮೆಯೊಂದರಲ್ಲಿ ಸ್ಫೋಟ ಸಂಭವಿಸಿ 21 ಕಾರ್ಮಿಕರು ಸತ್ತರು. ಹೊಗೆ ಉಗುಳದ ಕಾರಿನ ಬ್ಯಾಟರಿಗಾಗಿ ಕಲ್ಲಿದ್ದಲಿನ ಹೊಗೆಯಲ್ಲಿ ನಿಕ್ಕಲ್ ಬೇಯುತ್ತಿರುವಾಗ, ಆ ಕಾರನ್ನು ಕೊಂಡವರಿಗೆ ಇದು ತಮಗೆ ಸಂಬಂಧಿಸದ ಸಂಗತಿ ಎಂದು ಹೇಳುವ ಹಕ್ಕಿಲ್ಲ.

ಈಗ ಅದೇ ದೃಷ್ಟಿಯಿಂದ ನಮ್ಮ ಗುಡ್ಡೆಯನ್ನು ನೋಡಿ. ಮುರಕಲ್ಲು ತೂತುತೂತಾದ ಕಲ್ಲು. ಪದವಿನ ಮೇಲೆ ಬಿದ್ದ ಮಳೆ ಅದರೊಳಗೆ ಇಳಿದು, ಕೆಳಗಿನ ಶೇಡಿ ಮಣ್ಣಿನ ಪದರವನ್ನು ತಲುಪಿ, ಅಲ್ಲಿಂದ ಮುಂದೆ ಇಳಿಯಲಾರದೆ ಅಡ್ಡಲಾಗಿ ಜಿನುಗುತ್ತದೆ. ನಮ್ಮ ಹಿರಿಯರು ಆ ಜಿನುಗನ್ನು ಹುಡುಕಿಕೊಂಡು ಗುಡ್ಡೆಯ ಹೊಟ್ಟೆಗೆ ಸುರಂಗ ಕೊರೆದರು. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಪಂಪಿಲ್ಲದೆ, ಕರೆಂಟಿಲ್ಲದೆ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಎಣ್ಮಕಜೆ, ಪೈವಳಿಕೆ, ಬದಿಯಡ್ಕಗಳ ಎಷ್ಟೋ ಅಡಿಕೆ ತೋಟಗಳು ಇಂದಿಗೂ ಆ ನೀರಿನಿಂದಲೇ ಬದುಕಿವೆ. ಅಂದರೆ ಅದಿರು ಎಂದು ಸರ್ವೇಕ್ಷಣೆಯ ನಕ್ಷೆಯಲ್ಲಿ ಗುರುತಾಗುವ ಆ ಮೇಲ್ಪದರವೇ ಕೆಳಗಿನ ಕುಟುಂಬಗಳ ನೀರಿನ ಟಾಂಕಿ. ಗುಡ್ಡೆಯ ಮೇಲಿನ ಜಾಗವು ಬಂಜರು, ಯಾರ ಮನೆಯನ್ನೂ ಎಬ್ಬಿಸಬೇಕಾಗಿಲ್ಲ ಎಂದು ಯೋಜನಾ ವರದಿ ಹೇಳಬಹುದು, ಆ ಮಾತು ಸುಳ್ಳೂ ಆಗಿರಲಾರದು. ಆದರೆ ನಷ್ಟ ಅನುಭವಿಸುವವರು ಗಣಿಯ ಬೇಲಿಯೊಳಗೆ ಇರುವುದಿಲ್ಲ, ಗುಡ್ಡೆಯ ಬುಡದಲ್ಲಿ ಇರುತ್ತಾರೆ. ಕೆಂಪುಕಲ್ಲಿನ ಕೋರೆಗಳ ಆಸುಪಾಸಿನಲ್ಲಿ ಬಾವಿ ಬತ್ತಿದವರು ಈ ಮಾತನ್ನು ಒಪ್ಪುತ್ತಾರೆ.

ಹಾಗೆಂದು ಅಲ್ಯೂಮಿನಿಯಂ ಬೇಡವೆನ್ನುವಂತಿಲ್ಲ. ಸೌರ ಫಲಕದ ಚೌಕಟ್ಟಿಗೂ, ಉಡುಪಿಯಿಂದ ಕಾಸರಗೋಡಿಗೆ ಬರುವ 400 ಕಿಲೋವೋಲ್ಟ್ ಮಾರ್ಗದಂಥ ಪ್ರಸರಣ ತಂತಿಗಳಿಗೂ ಅದೇ ಬೇಕು. ಒಂದು ಟನ್ ಲೋಹಕ್ಕೆ ಸುಮಾರು ನಾಲ್ಕು ಟನ್ ಬಾಕ್ಸೈಟ್ ಬೇಕಾಗುತ್ತದೆ, ಉಳಿದದ್ದರಲ್ಲಿ ಹೆಚ್ಚಿನ ಪಾಲು ಕ್ಷಾರಭರಿತ ಕೆಂಪು ಕೆಸರಾಗಿ ಕಟ್ಟೆಯ ಹಿಂದೆ ನಿಲ್ಲುತ್ತದೆ. 2010ರ ಅಕ್ಟೋಬರಿನಲ್ಲಿ ಹಂಗೇರಿಯ ಅಯ್ಕಾದಲ್ಲಿ ಅಂಥ ಕಟ್ಟೆ ಒಡೆದು 10 ಮಂದಿ ಸತ್ತರು. ಅದೇ ಅಲ್ಯೂಮಿನಿಯಮನ್ನು ಗುಜರಿಯಿಂದ ಕರಗಿಸಿದರೆ ಅದಿರಿನಿಂದ ತೆಗೆಯುವುದಕ್ಕಿಂತ ಶೇ. 95ರಷ್ಟು ಕಡಿಮೆ ಶಕ್ತಿ ಸಾಕು.

ಕೋಬಾಲ್ಟಿನ ಕಥೆ ನಿಮ್ಮಲ್ಲಿ ಹಲವರಿಗೆ ತಿಳಿದಿರುವುದರಿಂದ ಚುಟುಕಾಗಿ ಹೇಳುತ್ತೇನೆ. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನಲ್ಲಿ ಶೇ. 70ಕ್ಕೂ ಹೆಚ್ಚು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ್ದು; ಅದರಲ್ಲಿ ಒಂದು ಪಾಲನ್ನು ಕೋಲ್ವೇಜಿ ಪಟ್ಟಣದ ಸುತ್ತಮುತ್ತ ಬಡವರು ಕೈಯಿಂದಲೇ ಅಗೆದು ತೆಗೆಯುತ್ತಾರೆ. ಆ ದೇಶದ ದಕ್ಷಿಣ ಭಾಗದ ಗಣಿಗಳಲ್ಲಿ ಸುಮಾರು 40,000 ಮಕ್ಕಳು ದುಡಿಯುತ್ತಿದ್ದಾರೆಂದು ಯುನಿಸೆಫ್ 2014ರಲ್ಲಿ ಅಂದಾಜು ಮಾಡಿತ್ತು. 2016ರಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಈ ಕೋಬಾಲ್ಟಿನ ಜಾಡು ಹಿಡಿದು ಅದು ದೊಡ್ಡ ದೊಡ್ಡ ಹೆಸರಿನ ಫೋನು ಮತ್ತು ಕಾರುಗಳತ್ತ ಸಾಗುವ ದಾರಿಯನ್ನು ಜಗತ್ತಿನ ಮುಂದಿಟ್ಟಿತು. ಆಗ ಕೆಲವು ಕಂಪನಿಗಳು ಕೈಗಣಿಯ ಕೋಬಾಲ್ಟನ್ನೇ ಕೊಳ್ಳುವುದಿಲ್ಲವೆಂದು ಹೇಳಿ ಕೈತೊಳೆದುಕೊಳ್ಳಲು ನೋಡಿದವು. ಇದನ್ನು ನಾನು ಜವಾಬ್ದಾರಿ ಎಂದು ಕರೆಯಲಾರೆ. ಕಂಪನಿಗಳು ಬಿಟ್ಟುಹೋದ ಮಾತ್ರಕ್ಕೆ ಗಣಿಯ ಮಗು ಶಾಲೆಗೆ ಹೋಗುವುದಿಲ್ಲ. ಅದರ ತಂದೆ ತೆಗೆದ ಅದಿರು ಇನ್ನೂ ಕಡಿಮೆ ಬೆಲೆಗೆ, ಇನ್ನೂ ಗುಟ್ಟಾದ ದಾರಿಯಲ್ಲಿ ಹೋಗುತ್ತದೆ. ಅಲ್ಲೇ ಉಳಿದು, ಕುಸಿಯದಂತೆ ಗುಂಡಿಗೆ ಆಧಾರ ಕೊಟ್ಟು, ತೂಕದಲ್ಲಿ ಮೋಸವಿಲ್ಲದ ಬೆಲೆ ಕೊಟ್ಟು, ವಯಸ್ಕರಿಗಷ್ಟೇ ಕೆಲಸವೆಂಬ ನಿಯಮವನ್ನು ಜಾರಿಗೆ ತರುವುದು ಕಷ್ಟದ ಕೆಲಸ. ಹೊಣೆ ಎಂಬ ಮಾತಿಗೆ ಅರ್ಥ ಬರುವುದು ಆ ಕೆಲಸದಿಂದ. ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಗಳಲ್ಲಿ ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ, ಅವುಗಳ ಬಳಕೆ ಹೆಚ್ಚುತ್ತಿದೆ ಎಂಬುದು ಸಮಾಧಾನದ ವಿಷಯವೇ. ಆದರೆ ಲಿಥಿಯಂ ಅಂತೂ ಬೇಕು, ಅದರಲ್ಲೊಂದು ದೊಡ್ಡ ಪಾಲು ಚಿಲಿಯ ಅಟಕಾಮ ಮರುಭೂಮಿಯ ಉಪ್ಪುನೀರನ್ನು ಎತ್ತಿ ಬಿಸಿಲಿಗೆ ಆರಿಸಿ ಪಡೆದದ್ದು. ಮಳೆಯೇ ಇಲ್ಲದ ನಾಡಿನಲ್ಲಿ ನೆಲದಡಿಯ ನೀರನ್ನು ಎತ್ತುವುದೆಂದರೆ ಏನೆಂಬುದನ್ನು ಸುರಂಗದ ನೀರು ಕುಡಿದು ಬೆಳೆದವರಿಗೆ ವಿವರಿಸಬೇಕಾಗಿಲ್ಲ.

ಇನ್ನು ನಾನು ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಗುಡ್ಡೆಗಳ ಸರ್ಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿಯಲಾಯಿತು. ಅದಕ್ಕೂ ಇಂಧನದ ಖನಿಜಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ವಸ್ತು ಬೇರೆ, ಅನ್ಯಾಯದ ರಚನೆ ಒಂದೇ. ಗೇರುಬೀಜ ವಿದೇಶೀ ವಿನಿಮಯ ತರುವ ಬೆಳೆ, ದೇಶಕ್ಕೆ ಬೇಕಾದದ್ದು ಎಂಬ ದೊಡ್ಡ ಕಾರಣವೊಂದು ಆಗಲೂ ಇತ್ತು. ಸಿಂಪಡಣೆಯ ತೀರ್ಮಾನವನ್ನು ಕೈಗೊಂಡವರು ಪಡ್ರೆಯಲ್ಲಿಯೋ ಬೆಳ್ಳೂರಿನಲ್ಲಿಯೋ ವಾಸಿಸುವವರಾಗಿರಲಿಲ್ಲ. ತೋಟದ ಕೆಳಗಿನ ತೋಡುಗಳ, ಬಾವಿಗಳ, ಸುರಂಗಗಳ ನೀರು ಕುಡಿಯುವವರನ್ನು ಯಾರೂ ಕೇಳಲಿಲ್ಲ. ಹಳ್ಳಿಯ ವೈದ್ಯರೊಬ್ಬರು ತಮ್ಮ ರೋಗಿಗಳಲ್ಲಿ ಅಸಹಜವಾದದ್ದೇನನ್ನೋ ಗಮನಿಸಿ ಬರೆದರು. ಕೃಷಿ ಇಲಾಖೆಯ ಮಹಿಳಾ ಉದ್ಯೋಗಿಯೊಬ್ಬರು ನಮ್ಮ ಜಿಲ್ಲೆಯ ಹೊಸದುರ್ಗದ ನ್ಯಾಯಾಲಯದ ಮೆಟ್ಟಿಲು ಹತ್ತಿ ತಡೆ ತಂದರು. ಆಮೇಲೂ ಸಮಿತಿಗಳ ಮೇಲೆ ಸಮಿತಿಗಳು ಬಂದು, ಈ ಕಾಯಿಲೆಗಳಿಗೆ ಈ ವಿಷವೇ ಕಾರಣವೆಂಬುದಕ್ಕೆ ಪುರಾವೆ ಏನೆಂದು ಕೇಳುತ್ತಲೇ ಇದ್ದವು. ಪುರಾವೆ ಒದಗಿಸಬೇಕಾದವರು ಯಾರು? ತಲೆ ಎತ್ತಲಾಗದ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡ ತಾಯಿ. ಸಿಂಪಡಿಸುವುದಕ್ಕೆ ಮೊದಲು ನೀರನ್ನು, ರಕ್ತವನ್ನು, ಎದೆಹಾಲನ್ನು ಪರೀಕ್ಷಿಸಿ ಇಟ್ಟ ದಾಖಲೆ ಒಂದೂ ಇರಲಿಲ್ಲವಾದ್ದರಿಂದ, ಮೊದಲು ಹೇಗಿತ್ತು ಎಂಬುದನ್ನು ತೋರಿಸುವ ದಾರಿಯೇ ಆಕೆಗೆ ಇರಲಿಲ್ಲ.

2011ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿರ್ಮೂಲಗೊಳಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು, ಅದೇ ವರ್ಷ ಸುಪ್ರೀಂ ಕೋರ್ಟು ಭಾರತದಲ್ಲಿ ಅದನ್ನು ತಡೆಹಿಡಿಯಿತು. 2017ರ ಜನವರಿಯಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶವಾಯಿತು. ಐದು ವರ್ಷಗಳ ಬಳಿಕವೂ ಬಹುಪಾಲು ಮಂದಿಗೆ ಹಣ ತಲುಪಿರಲಿಲ್ಲವಾದ್ದರಿಂದ 2022ರಲ್ಲಿ ಅದೇ ನ್ಯಾಯಾಲಯ ಮತ್ತೆ ಕಟುವಾಗಿ ಮಾತನಾಡಬೇಕಾಯಿತು. ಪರಿಹಾರವು ಬಂದರೂ ಕಾಲು ಶತಮಾನ ತಡವಾಗಿ ಬರುತ್ತದೆ ಎಂಬುದನ್ನು ಬೇರೆ ಊರಿನವರು ಪುಸ್ತಕದಿಂದ ಕಲಿಯಬೇಕು. ನಮ್ಮ ನೆರೆಕರೆಯಲ್ಲಿ ಅದು ನಡೆದಿದೆ. ಆದ್ದರಿಂದಲೇ ಪರಿಹಾರದ ಮೊತ್ತವನ್ನು ಮುಂದಿಟ್ಟು ಆರಂಭವಾಗುವ ಗಣಿ ಚರ್ಚೆಗಳ ಬಗ್ಗೆ ನನಗೆ ನಂಬಿಕೆಯಿಲ್ಲ. ಒಪ್ಪಿಗೆಯನ್ನು ಮೊದಲು ಕೇಳಬೇಕು, ಕೇಡಾಗುವುದಿಲ್ಲವೆಂದು ತೋರಿಸುವ ಭಾರ ಅಗೆಯುವವನ ಮೇಲಿರಬೇಕು, ಕೊಳ್ಳುವವನು ಈ ಎರಡೂ ನಡೆದಿವೆಯೆಂದು ಖಚಿತಪಡಿಸಿಕೊಂಡು ಕೊಳ್ಳಬೇಕು.

ಮೊದಲು ಕೇಳುವುದು ಆಗದ ಮಾತೇನಲ್ಲ. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ತೆಗೆಯುವ ಯೋಜನೆ ಬಂದಾಗ, 2013ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಅರಣ್ಯ ಹಕ್ಕು ಕಾಯಿದೆಯನ್ನು ಆಧರಿಸಿ, ಅಲ್ಲಿನ ಗ್ರಾಮಸಭೆಗಳೇ ತೀರ್ಮಾನಿಸಲಿ ಎಂದಿತು. ಡೋಂಗ್ರಿಯಾ ಕೊಂಧ್ ಬುಡಕಟ್ಟಿನ ಜನ ತಮ್ಮ ಭಾಷೆಯಲ್ಲಿ ಮಾತನಾಡಿದರು, 12 ಗ್ರಾಮಸಭೆಗಳೂ ಬೇಡವೆಂದವು, ಗಣಿ ಬರಲಿಲ್ಲ. ದೇಶದ ಅಭಿವೃದ್ಧಿ ಅದರಿಂದ ನಿಂತುಹೋಗಲಿಲ್ಲ. ಆದರೆ ಈಗ ಗಾಳಿ ಬೇರೆ ದಿಕ್ಕಿನಲ್ಲಿ ಬೀಸುತ್ತಿದೆ. 2023ರಲ್ಲಿ ಭಾರತ 30 ನಿರ್ಣಾಯಕ ಖನಿಜಗಳ ಪಟ್ಟಿಯನ್ನು ಪ್ರಕಟಿಸಿತು, 2025ರ ಜನವರಿಯಲ್ಲಿ ರಾಷ್ಟ್ರೀಯ ನಿರ್ಣಾಯಕ ಖನಿಜ ಅಭಿಯಾನಕ್ಕೆ ಒಪ್ಪಿಗೆ ಸಿಕ್ಕಿತು; ಒಂದೇ ದೇಶದ ಮರ್ಜಿಗೆ ಕಾಯದೆ ನಮ್ಮ ಕಾಲ ಮೇಲೆ ನಾವು ನಿಲ್ಲುವುದಕ್ಕೆ ಇವೆರಡೂ ಅಗತ್ಯವೇ. ನನಗೆ ಆತಂಕ ಹುಟ್ಟಿಸಿದ್ದು 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಜ್ಞಾಪನ ಪತ್ರ. ಪರಮಾಣು ಖನಿಜಗಳ ಮತ್ತು ನಿರ್ಣಾಯಕ ಖನಿಜಗಳ ಗಣಿ ಯೋಜನೆಗಳಿಗೆ ಅದು ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ನೀಡಿತು. ದೇಶಕ್ಕೆ ಬಹಳ ಬೇಕಾದ ವಸ್ತು ಎಂಬುದೇ ಜನರನ್ನು ಕೇಳದಿರಲು ಕಾರಣವಾಗುವುದಾದರೆ, ನಾವು ನಮ್ಮ ಜಿಲ್ಲೆಯಲ್ಲಿ ಕಂಡ ರಚನೆಗೆ ಹಸಿರು ಬಣ್ಣ ಬಳಿದಂತಾಗುತ್ತದೆ. ಬಾಕ್ಸೈಟ್ ಆ ಪಟ್ಟಿಯಲ್ಲಿ ಇಲ್ಲವೆಂಬುದು ನಿಜ. ಆದರೆ ಬಾಕ್ಸೈಟನ್ನು ಸಂಸ್ಕರಿಸುವಾಗ ಉಪ ಉತ್ಪನ್ನವಾಗಿ ದೊರೆಯುವ ಗ್ಯಾಲಿಯಂ ಪಟ್ಟಿಯಲ್ಲಿ ಇದೆ, ಪಟ್ಟಿಗಳು ಕಾಲಕಾಲಕ್ಕೆ ಬದಲಾಗುತ್ತವೆ ಎಂಬುದನ್ನೂ ನೆನಪಿಡಬೇಕು. ಕೇರಳದಲ್ಲಿ ಸಂವಿಧಾನದ ಐದನೇ ಅನುಸೂಚಿಯ (ಬುಡಕಟ್ಟು ಜನರ) ಪ್ರದೇಶವೆಂದು ಘೋಷಣೆಯಾದ ಜಾಗವಿಲ್ಲದ ಕಾರಣ, ಗ್ರಾಮಸಭೆಗೆ ಹೆಚ್ಚಿನ ಅಧಿಕಾರ ಕೊಡುವ 1996ರ ಪೆಸಾ ಕಾಯಿದೆಯ ರಕ್ಷಣೆ ನಮ್ಮ ಕೊರಗರಿಗೂ ಮರಾಟಿಗಳಿಗೂ ಸಿಗುವುದಿಲ್ಲ.

ಇನ್ನು ಕೊಳ್ಳುವವರ ಹೊಣೆ. ಖನಿಜದ ಮೂಲವನ್ನು ಹಂತಹಂತವಾಗಿ ಪರಿಶೀಲಿಸಲು ಕಂಪನಿಗಳು ಅನುಸರಿಸಬೇಕಾದ ಮಾರ್ಗಸೂಚಿಯನ್ನು ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ 2011ರಲ್ಲೇ ರೂಪಿಸಿದೆ. 2024ರಲ್ಲಿ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯವರು ನೇಮಿಸಿದ ಸಮಿತಿ, ಮಾನವ ಹಕ್ಕುಗಳೇ ಇಂಥ ಖನಿಜ ವ್ಯವಹಾರದ ತಿರುಳಾಗಿರಬೇಕು ಎಂದು ಹೇಳಿತು. ಇವು ಒಳ್ಳೆಯ ಮಾತುಗಳು, ಆದರೆ ಕಡ್ಡಾಯವಲ್ಲ. ಯುರೋಪು 2023ರ ಬ್ಯಾಟರಿ ನಿಯಮದ ಮೂಲಕ ಕೋಬಾಲ್ಟ್, ಲಿಥಿಯಂ, ನಿಕ್ಕಲ್ ಮತ್ತು ನೈಸರ್ಗಿಕ ಗ್ರಾಫೈಟಿನ ಮೂಲವನ್ನು ಪರಿಶೀಲಿಸುವುದನ್ನು ಕಾನೂನಾಗಿಸಿತು. 2031ರಿಂದ ವಾಹನದ ಹೊಸ ಬ್ಯಾಟರಿಯಲ್ಲಿರುವ ಕೋಬಾಲ್ಟಿನ ಶೇ. 16, ಲಿಥಿಯಂ ಮತ್ತು ನಿಕ್ಕಲ್ಲಿನ ತಲಾ ಶೇ. 6 ಮರುಬಳಕೆಯಿಂದ ಬಂದದ್ದಾಗಿರಬೇಕು ಎಂದೂ ವಿಧಿಸಿತು. ಆದರೆ 2025ರ ಆಗಸ್ಟಿನಲ್ಲಿ ಆರಂಭವಾಗಬೇಕಿದ್ದ ಮೂಲ ಪರಿಶೀಲನೆಯನ್ನು 2027ಕ್ಕೆ ಮುಂದೂಡಿದೆ. ನಮ್ಮಲ್ಲಿ ಸೌರ ವಿದ್ಯುತ್ತಿನ ಟೆಂಡರು ಯಾರಿಗೆ ಸಿಗುತ್ತದೆ? ಯೂನಿಟ್ಟಿಗೆ ಅತಿ ಕಡಿಮೆ ದರ ಹೇಳಿದವರಿಗೆ. ಆ ದರದಲ್ಲಿ ಎರಡು ಪೈಸೆ ಇಳಿದದ್ದು ಯಾವ ಊರಿನ ಕೂಲಿಯಿಂದ, ಯಾವ ಊರಿನ ನೀರಿನಿಂದ ಎಂಬ ಪ್ರಶ್ನೆಗೆ ಟೆಂಡರಿನ ನಮೂನೆಯಲ್ಲಿ ಜಾಗವಿಲ್ಲ. ಸರ್ಕಾರಿ ಸಂಸ್ಥೆಗಳೇ ದೇಶದ ಅತಿದೊಡ್ಡ ಕೊಳ್ಳುಗರಾಗಿರುವುದರಿಂದ, ಮೂಲ ತಿಳಿಸದ ಸರಕಿಗೆ ಅವಕಾಶವಿಲ್ಲ ಎಂಬ ಒಂದು ಷರತ್ತನ್ನು ಅವು ಸೇರಿಸಿದರೆ, ನಾವೆಲ್ಲ ಒಬ್ಬೊಬ್ಬರಾಗಿ ಅಂಗಡಿಯಲ್ಲಿ ಕೇಳುವ ಸಾವಿರ ಪ್ರಶ್ನೆಗಳಿಗಿಂತ ಹೆಚ್ಚಿನ ಪರಿಣಾಮ ಆಗುತ್ತದೆಂದು ನಾನು ನಂಬಿದ್ದೇನೆ.

ಸಭೆಯಲ್ಲಿ ಒಬ್ಬ ಯುವತಿ ಕೇಳಿದರು: "ಸರ್, ಮನೆಮಟ್ಟದಲ್ಲಿ ನಾವು ಮಾಡಬಹುದಾದ್ದು ಏನೂ ಇಲ್ಲವೇ?" ಇದೆ, ಮುಖ್ಯವಾಗಿ ಹಳೆಯ ಬ್ಯಾಟರಿಯ ವಿಷಯದಲ್ಲಿ. ನಮ್ಮ ಮನೆಗಳಲ್ಲಿ ಇನ್ವರ್ಟರಿನ ಸೀಸದ ಬ್ಯಾಟರಿ ಸಾಮಾನ್ಯ. ಅದು ಗುಜರಿಗೆ ಹೋಗಿ, ಅಲ್ಲಿಂದ ಯಾವುದೋ ಹಿತ್ತಿಲಿನ ಒಲೆಯಲ್ಲಿ ಕರಗಿದರೆ ಆ ಸೀಸದ ಹೊಗೆ ಸುತ್ತಲಿನ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ಹಿಂಪಡೆದು ನೋಂದಾಯಿತ ಘಟಕಕ್ಕೆ ಒಪ್ಪಿಸುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಗುಜರಿಯವನು ನೂರಿನ್ನೂರು ರೂಪಾಯಿ ಹೆಚ್ಚು ಕೊಟ್ಟರೂ ಬ್ಯಾಟರಿಯನ್ನು ಕೊಂಡ ಅಂಗಡಿಗೇ ಮರಳಿಸಿ ರಶೀದಿ ಪಡೆಯಿರಿ. ಹಾಗೆ ಮರಳಿದ ಒಂದೊಂದು ಕಿಲೋ ಲೋಹವೂ ಹೊಸದಾಗಿ ಅಗೆಯಬೇಕಾದದ್ದನ್ನು ಅಷ್ಟು ಕಡಿಮೆ ಮಾಡುತ್ತದೆ.

ಇನ್ನೊಂದು ಪ್ರಶ್ನೆ ಮುಳ್ಳೇರಿಯ ಕಡೆಯ ಹಿರಿಯ ಕೃಷಿಕರೊಬ್ಬರದು: "ನಾಳೆ ನಮ್ಮ ಗುಡ್ಡೆಗೇ ಅದಿರು ತೆಗೆಯಲು ಬಂದರೆ ನಾವು ಮೊದಲು ಮಾಡಬೇಕಾದ್ದೇನು?" ಬರುವವರೆಗೆ ಕಾಯಬೇಡಿ ಎಂದೇ ನಾನು ಅವರಿಗೆ ಹೇಳಿದೆ. ಪಂಚಾಯತಿನ ಪ್ರತಿ ವಾರ್ಡಿನಲ್ಲಿ ಸುರಂಗ, ಬಾವಿ, ಮದಕ, ತೋಡುಗಳನ್ನು ಗುರುತಿಸಿ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಎಷ್ಟು ನೀರು ಬರುತ್ತದೆಂದು ಅಳೆದು, ದಿನಾಂಕ ಸಹಿತ ಪುಸ್ತಕದಲ್ಲಿ ಬರೆದು, ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸಿಡಬೇಕು. ಒಂದು ಬಾಲ್ದಿ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ನಮ್ಮ ಹೈಸ್ಕೂಲಿನ ಮಕ್ಕಳೇ ಅಳೆಯಬಲ್ಲರು. ಎಂಡೋಸಲ್ಫಾನಿನ ಕಾಲದಲ್ಲಿ ನಮ್ಮ ಬಳಿ ಇಲ್ಲದೇ ಹೋದದ್ದು ಇಂಥದೇ ಒಂದು ಪುಸ್ತಕ. ಎರಡನೆಯದು ಭಾಷೆಯ ವಿಷಯ. ಪರಿಸರ ಪರಿಣಾಮದ ವರದಿಯ ಸಾರಾಂಶವನ್ನು ಸಾರ್ವಜನಿಕ ಅಹವಾಲಿಗೆ ಮೊದಲು ಸ್ಥಳೀಯ ಭಾಷೆಯಲ್ಲಿಯೂ ಕೊಡಬೇಕೆಂದು 2006ರ ಅಧಿಸೂಚನೆ ಹೇಳುತ್ತದೆ. ಕೇರಳವೆಂದ ಕೂಡಲೇ ಅದು ಮಲಯಾಳವೆಂದು ಅಧಿಕಾರಿಗಳು ಭಾವಿಸುವುದು ಸಹಜ. ಕನ್ನಡದ ಅಲ್ಪಸಂಖ್ಯಾತರು ಸರ್ಕಾರದೊಡನೆ ಕನ್ನಡದಲ್ಲಿಯೇ ವ್ಯವಹರಿಸಬಹುದೆಂದು ಈ ರಾಜ್ಯದ 1969ರ ಅಧಿಕೃತ ಭಾಷಾ ಕಾಯಿದೆ ಹೇಳಿರುವಾಗ, ತನ್ನ ನೀರಿನ ಬಗ್ಗೆ ಬರೆದ ವರದಿಯನ್ನು ಓದಲಾಗದ ಅಜ್ಜಿಯ ಸಹಿಯನ್ನು ಒಪ್ಪಿಗೆ ಎಂದು ಯಾರೂ ಕರೆಯಬಾರದು. ವರದಿಯು ಪೂರ್ತಿಯಾಗಿ ಕನ್ನಡದಲ್ಲಿ ಬರುವವರೆಗೆ ಅಹವಾಲು ಸಭೆಯನ್ನು ಮುಂದೂಡಬೇಕೆಂಬ ನಿರ್ಣಯವನ್ನು ಪಂಚಾಯತು ಈಗಲೇ ಅಂಗೀಕರಿಸಿ ಜಿಲ್ಲಾಧಿಕಾರಿಗೆ ಕಳುಹಿಸಬಹುದು, ಅದಕ್ಕೆ ಯಾವ ಕಂಪನಿಯೂ ಬರುವವರೆಗೆ ಕಾಯಬೇಕಾಗಿಲ್ಲ.